ಹನ್ನೆರಡು ಹೆಜ್ಜೆಗೆ ಒಂದು

ನಮ್ಮೂರಲ್ಲಿ ಬೆಳಿಗ್ಗೆ ಎದುರಾದವರನ್ನು "ತಿಂಡಿ ಆಯ್ತಾ" ಎಂದು ಯಾರೂ ಕೇಳುವುದಿಲ್ಲ. "ಎಷ್ಟಂತೆ ಇವತ್ತು?" ಎಂದು ಕೇಳುತ್ತಾರೆ. ಮೈದಾನ ಎಷ್ಟು ಉದ್ದ ಅಂತ. ಎರಡು ಗುಡ್ಡಗಳ ನಡುವಿನ ಆ ಮೈದಾನ ಒಂದು ದಿನ ಇದ್ದಷ್ಟು ಇನ್ನೊಂದು ದಿನ ಇರುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಎಷ್ಟಿರುತ್ತದೋ ಮರುದಿನ ಬೆಳಕು ಹರಿಯುವವರೆಗೂ ಅಷ್ಟೇ. ಇವತ್ತು ಆರುನೂರು ಹೆಜ್ಜೆ ಇದ್ದದ್ದು ನಾಳೆ ನಾನೂರ ಇಪ್ಪತ್ತಕ್ಕೆ ಬಂದು ಕೂತಿರಬಹುದು. ಹುಟ್ಟಿದಾಗಿನಿಂದ ನೋಡಿದವರಿಗೆ ಇದರಲ್ಲಿ ಏನೂ ಅನ್ನಿಸುವುದಿಲ್ಲ. ಆಚೆ ಬದಿಯ ಮನೆಗಳಿಗೆ ಹೆಣ್ಣು ಕೊಟ್ಟವರು ಮೈದಾನ ಕುಗ್ಗಿದ ದಿನ ನೋಡಿಕೊಂಡು ಮಗಳನ್ನು ಮಾತಾಡಿಸಿ ಬರುತ್ತಾರೆ. ಬೀಗರ ಮೇಲೆ ಮುನಿಸಿದ್ದವರು ಹಿಗ್ಗಿದ ದಿನವೇ ಕಾದು "ಅಯ್ಯೋ, ಅಷ್ಟು ದೂರ ಹೆಂಗೆ ಬರೋದು" ಎಂದು ಹೇಳಿ ಕಳಿಸುತ್ತಾರೆ. ಯಾರಿಗೂ ಬೇಜಾರಿಲ್ಲ.

ಅಳೆಯುವುದಕ್ಕೆ ಸರಪಳಿ, ಟೇಪು ಎಲ್ಲ ನಮ್ಮಲ್ಲೂ ಇವೆ. ಆದರೆ ಆ ನೆಲಕ್ಕೆ ತಾಗಿಸಿಟ್ಟದ್ದೆಲ್ಲ ನೆಲದ ಜೊತೆಗೇ ಹಿಗ್ಗುತ್ತದೆ, ನೆಲದ ಜೊತೆಗೇ ಕುಗ್ಗುತ್ತದೆ, ಎತ್ತಿಕೊಂಡ ಮೇಲೆ ಮೊದಲಿನಂತಾಗುತ್ತದೆ. ಹಾಗಾಗಿ ಸರಪಳಿ ಹಾಸಿದರೆ ಯಾವತ್ತೂ ಒಂದೇ ಲೆಕ್ಕ ಬರುತ್ತದೆ. ಮೈದಾನದ ಮೂಡಣ ಕೊನೆಯಲ್ಲಿ ಅವರೆ ಹೊಲ ಇಟ್ಟುಕೊಂಡಿರುವ ಪುಟ್ಟನಂಜಮ್ಮ ಹರೆಯದಲ್ಲಿ ಒಮ್ಮೆ ಸೀರೆಯೊಂದನ್ನು ಬೇಕೆಂತಲೇ ರಾತ್ರಿಯೆಲ್ಲ ಅಲ್ಲಿ ಹಾಸಿ ಬಿಟ್ಟಿದ್ದಳಂತೆ. ಬೆಳಿಗ್ಗೆ ಹತ್ತು ಗಜ ಆಗಿತ್ತು, ಮನೆಗೆ ತಂದು ಉಡುವ ಹೊತ್ತಿಗೆ ಮತ್ತೆ ಆರು ಗಜ. ಕಾಲೆತ್ತಿ ಕಾಲಿಡುವ ಮನುಷ್ಯನ ಮೇಲೆ ಮಾತ್ರ ಆ ನೆಲದ ಆಟ ನಡೆಯುವುದಿಲ್ಲ. ಆದ್ದರಿಂದ ಮೈದಾನವನ್ನು ನಡೆದೇ ಅಳೆಯಬೇಕು. ಇಬ್ಬರು ಎಣಿಸಿದರೆ ಜಗಳ ಎಂದು ಹಿರಿಯರು ಆ ಕೆಲಸವನ್ನು ಒಬ್ಬನಿಗೇ ವಹಿಸಿದ್ದಾರೆ. ಆ ಒಬ್ಬ ನಾನು. ಹೆಸರು ಮುದ್ದಯ್ಯ.

ಮೂವತ್ತನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ನಡೆದು, ಎಣಿಸಿ, ಊರ ಸಭೆಯ ಕಟ್ಟಡದ ಮುಂದಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತೇನೆ. ಅದನ್ನೇ ದಪ್ಪ ಪುಸ್ತಕದಲ್ಲೂ ಬರೆದಿಡುತ್ತೇನೆ. ನನ್ನನ್ನು ಆರಿಸಿದ್ದು ಹೆಜ್ಜೆಗಲ್ಲಿನ ಮೇಲೆ. ಸಭೆಯ ಅಂಗಳದಲ್ಲಿ ಉದ್ದಕ್ಕೆ ಹಾಸಿದ ಚಪ್ಪಡಿಗಳ ಮೇಲೆ ಒಂದೂವರೆ ಮೊಳಕ್ಕೊಂದರಂತೆ ಹನ್ನೆರಡು ಗೆರೆ ಕೊರೆದಿದ್ದಾರೆ. ಹನ್ನೆರಡು ಹೆಜ್ಜೆ ಹಾಕಿದರೆ ಹನ್ನೆರಡನೆಯ ಗೆರೆಯ ಮೇಲೆ ಹೆಬ್ಬೆರಳು ಕೂರಬೇಕು. ಹಾಗೆ ನೂರು ಸಲ, ಕೆಳಗೆ ನೋಡದೆ. ನನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ ನೂರಕ್ಕೆ ನೂರು ಸಲ ಕೂರಿಸಿದೆ. ಊರು ಚಪ್ಪಾಳೆ ಹೊಡೆಯಿತು. ಆಮೇಲೆ ಯಾರೂ ನನ್ನನ್ನು ಆ ಕಲ್ಲಿನ ಮೇಲೆ ನಡೆಸಲಿಲ್ಲ. ಒಮ್ಮೆ ಆರಿಸಿದವನನ್ನು ಮತ್ತೆ ಪರೀಕ್ಷಿಸುವ ಪದ್ಧತಿ ನಮ್ಮಲ್ಲಿ ಇಲ್ಲ, ಅದು ಅವಮಾನ ಮಾಡಿದ ಹಾಗೆ.

ನನ್ನ ಅಂಕಿಗಾಗಿ ಕಾಯುತ್ತಿದ್ದದ್ದು ವಿಮಾನ. ಕೆಳಗಿನ ಊರಿಗೆ ನಮ್ಮಿಂದ ಮೂರು ದಿನದ ಕಾಲುದಾರಿ, ವಿಮಾನದಲ್ಲಾದರೆ ನಲವತ್ತು ನಿಮಿಷ. ಎರಡು ಇಂಜಿನ್ನಿನ ಹಳೆಯ ವಿಮಾನವೊಂದಿತ್ತು. ನಾವು ಅದನ್ನು ಮುದುಕಿ ಎಂದೇ ಕರೆಯುತ್ತಿದ್ದೆವು. ಅದಕ್ಕೆ ಇಳಿಯಲು ನಾನೂರು ಹೆಜ್ಜೆ ಸಾಕು. ಓಡಿಸುತ್ತಿದ್ದವಳು ದಮಯಂತಿ, ನನ್ನ ಅಕ್ಕನ ಮಗಳು. ವಿಮಾನ ರಾತ್ರಿ ಕೆಳಗಿನ ಊರಲ್ಲೇ ಇರುತ್ತಿತ್ತು, ಅವಳೂ ಅಲ್ಲೇ. ಬೆಳಿಗ್ಗೆ ನಾನು ವೈರ್‌ಲೆಸ್ಸಿನಲ್ಲಿ ಅಂಕಿ ಹೇಳುತ್ತಿದ್ದೆ. ಹೇಳಿದ ಮೇಲೆ ಅವಳು ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ಬರೆದುಕೊಳ್ಳುತ್ತಿದ್ದಾಳೆ ಅಂದುಕೊಂಡಿದ್ದೆ. ಆಮೇಲೆ "ಬರ್ತೀನಿ ಮಾವ" ಅನ್ನುತ್ತಿದ್ದಳು. ಕೆಲವು ದಿನ ನಾನು ನಾನೂರ ಇಪ್ಪತ್ತು ಅಂತ ಹೇಳಿದರೂ "ಇವತ್ತು ಇಂಜಿನ್ನು ಯಾಕೋ ಕೆಮ್ತಿದೆ ಮಾವ, ನಾಳೆ ನೋಡಾಣ" ಅನ್ನುವಳು. ಸೋಮಾರಿ ಎಂದು ರೇಗಿಸುತ್ತಿದ್ದೆ. ಅವಳು ನಗುತ್ತಿದ್ದಳು.

ಕಳೆದ ಮಾಘದಲ್ಲಿ ಮೆಕ್ಯಾನಿಕ್ ಜಬ್ಬಾರ್ ಸಾಹೇಬರು ಮುದುಕಿಯ ರೆಕ್ಕೆಯ ಬುಡದಲ್ಲಿ ಬಿರುಕು ಕಂಡುಹಿಡಿದು, ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಟೋಪಿ ತೆಗೆದು ನಿಂತರು. "ಇದರ ಋಣ ತೀರ್ತು ಕಣಯ್ಯ" ಅಂದರು. ಬೇರೆ ವಿಮಾನ ತರಬೇಕಾಯಿತು. ಹೊಸದು ನಮ್ಮಂಥವರಿಗೆ ಯಾರು ಕೊಡುತ್ತಾರೆ? ವಿಚಾರಿಸಿದಾಗ ಎರಡು ಸಿಕ್ಕವು. ಎರಡಕ್ಕೂ ಎರಡೆರಡು ಇಂಜಿನ್ನು, ಎರಡಕ್ಕೂ ಮೂವತ್ತು ವರ್ಷ ದಾಟಿತ್ತು, ಬೆಲೆಯೂ ಹೆಚ್ಚುಕಮ್ಮಿ ಒಂದೇ. ಒಂದು ಹಳದಿ. ಎಂಟು ಸೀಟು, ಕಿವಿ ಕಿತ್ತುಹೋಗುವಂಥ ಸದ್ದು, ಬಾಗಿಲು ನಮ್ಮ ಅಡುಗೆಮನೆಯ ಕಿಟಕಿಯಷ್ಟು. ಆದರೆ ಮುನ್ನೂರ ಎಂಬತ್ತು ಹೆಜ್ಜೆಯಲ್ಲಿ ಇಳಿದು ನಿಲ್ಲುತ್ತದೆ. ಇನ್ನೊಂದು ಬಿಳಿ. ಹತ್ತೊಂಬತ್ತು ಸೀಟು, ಗಟ್ಟಿ ಇಂಜಿನ್ನು, ಅಗಲ ಬಾಗಿಲು. ರೋಗಿಯನ್ನು ಮಲಗಿಸಿದ ಸ್ಟ್ರೆಚರ್ ಹಾಗೇ ಒಳಗೆ ಹೋಗುತ್ತದೆ. ಅದಕ್ಕೆ ಐನೂರು ಹೆಜ್ಜೆ ಬೇಕು.

ಊರೆಲ್ಲ ಬಿಳಿಯದರ ಕಡೆ. ಎಲ್ಲರಿಗಿಂತ ಹೆಚ್ಚು ಜಬ್ಬಾರ್ ಸಾಹೇಬರು. ಎರಡು ವರ್ಷದ ಕೆಳಗೆ ಅವರ ಹೆಂಡತಿ ಮೆಹಬೂಬಿ ಸೊಂಟದ ಮೂಳೆ ಮುರಿದುಕೊಂಡು, ಮುದುಕಿಯೊಳಗೆ ನಲವತ್ತು ನಿಮಿಷ ಕೂತುಕೊಂಡೇ ಹೋಗಬೇಕಾಗಿ ಬಂದಿತ್ತು. ಆ ಚೀರಾಟ ನಾನೂ ಕೇಳಿದ್ದೇನೆ. 

ಅಧ್ಯಕ್ಷ ಪರಮಶಿವಯ್ಯನವರು ನನ್ನ ಪುಸ್ತಕ ತರಿಸಿದರು. ಐನೂರು ದಾಟುವ ದಿನ ತಿಂಗಳಿಗೆ ಎಷ್ಟು ಸಿಗುತ್ತವೆ ಎಂದು ನೋಡಬೇಕಿತ್ತು. ಹಿಂದಿನ ವರ್ಷಗಳಲ್ಲಿ ತಿಂಗಳಿಗೆ ಹನ್ನೆರಡೋ ಹದಿಮೂರೋ. ಆದರೆ ಈ ಆರು ವರ್ಷದಿಂದ ಇಪ್ಪತ್ತಕ್ಕೆ ಕಡಿಮೆಯಿಲ್ಲ. "ಮೈದಾನ ಬೆಳೆದಿದೆ!" ಎಂದು ಅಧ್ಯಕ್ಷರು ಪುಸ್ತಕದ ಮೇಲೆ ಅಂಗೈ ಬಡಿದರು. ಆ ವಾರವೆಲ್ಲ ಜನ ನನ್ನನ್ನು ನಿಲ್ಲಿಸಿ ನಿಲ್ಲಿಸಿ ಮಾತಾಡಿಸಿದರು. "ಎಲ್ಲ ನಿನ್ನ ಕಾಲ್ಗುಣ ಕಣೋ ಮುದ್ದಯ್ಯ" ಅಂದರು. ನಾನೂ ಬೇಡ ಅನ್ನಲಿಲ್ಲ. ಹೊಗಳಿಕೆ ಯಾರಿಗೆ ಕಹಿ? ಮೈದಾನ ಬೆಳೆಯಲು ನನ್ನ ಕಾಲು ಕಾರಣವಿರಬಹುದು ಎಂದು ಒಳಗೊಳಗೇ ನಂಬಿಯೂ ಬಿಟ್ಟಿದ್ದೆ. ಅದು ಒಂದು ರೀತಿಯಲ್ಲಿ ನಿಜವೇ ಆಗಿತ್ತು, ನಾನಂದುಕೊಂಡ ರೀತಿಯಲ್ಲಿ ಅಲ್ಲ.

ದಮಯಂತಿ ಒಬ್ಬಳು ಮಾತ್ರ ಹಳದಿಯದೇ ಇರಲಿ ಅಂದಳು. ವಿಮಾನವಿಲ್ಲದ್ದರಿಂದ ಕಾಲುದಾರಿಯಲ್ಲಿ ನಡೆದು ಬಂದು ನಮ್ಮ ಮನೆಯಲ್ಲೇ ಇಳಿದುಕೊಂಡಿದ್ದಳು. ಯಾಕಮ್ಮ ಹಳದಿ ಎಂದು ಕೇಳಿದರೆ ಸರಿಯಾದ ಉತ್ತರವಿಲ್ಲ. "ಬಿಳಿಯದ್ರಲ್ಲಿ ಸೀಟು ಎತ್ತರ, ನಂಗೆ ಕಾಲು ಸರಿಯಾಗಿ ಎಟುಕಲ್ಲ" ಅಂದಳು. ಇನ್ನೊಂದು ದಿನ "ಬಿಳಿ ಬಣ್ಣ ಬೇಗ ಕೊಳೆಯಾಗುತ್ತೆ" ಅಂದಳು. ಹದಿನಾಲ್ಕು ವರ್ಷ ವಿಮಾನ ಹಾರಿಸಿದವಳು ಬಣ್ಣದ ಮಾತಾಡಿದರೆ ಯಾರು ಕೇಳುತ್ತಾರೆ? ದೊಡ್ಡ ವಿಮಾನಕ್ಕೆ ಹೆದರಿದ್ದಾಳೆ ಎಂದು ಜನ ಆಡಿಕೊಂಡರು. ನಾನೂ ಊಟಕ್ಕೆ ಕೂತಾಗ ಅವಳನ್ನು ಹಂಗಿಸಿದೆ. ಅವಳು ತಟ್ಟೆಯಲ್ಲಿ ಮುದ್ದೆ ಮುರಿಯುತ್ತಾ "ಹೂಂ ಮಾವ, ಸ್ವಲ್ಪ ಹೆದ್ರಿಕೆನೇ" ಅಂದಳು.

ಕೊಳ್ಳುವ ಮೊದಲು ನೋಡಲಿ ಎಂದು ಬಿಳಿಯದನ್ನು ಅದರ ಮಾಲೀಕರ ಪೈಲಟ್ಟೇ ಹಾರಿಸಿಕೊಂಡು ಬಂದ. ಆ ದಿನ ನಾನು ಎಣಿಸಿದ್ದು ಐನೂರ ಇಪ್ಪತ್ತೆಂಟು. ಐನೂರು ಬೇಕಾದದ್ದಕ್ಕೆ ಇಪ್ಪತ್ತೆಂಟು ಹೆಚ್ಚೇ ಇದೆ. ಊರೆಲ್ಲ ಗುಡ್ಡದ ಬದಿಗೆ ಸಾಲಾಗಿ ನಿಂತಿತು. ವಿಮಾನ ಬಂತು, ಅಂಚಿನಲ್ಲೇ ಚಕ್ರ ತಾಗಿಸಿತು, ಓಡಿತು, ಓಡಿತು, ಮೈದಾನ ಮುಗಿದರೂ ಓಡಿ ಪುಟ್ಟನಂಜಮ್ಮನ ಅವರೆ ಹೊಲದೊಳಗೆ ಹದಿನಾರು ಹೆಜ್ಜೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಪುಟ್ಟನಂಜಮ್ಮ ಆಗತಾನೆ ಬುಟ್ಟಿ ಕೆಳಗಿಟ್ಟು, ವಿಮಾನ ನೋಡಲು ನಮ್ಮ ಕಡೆ ಬಂದಿದ್ದಳು. ಆ ಬುಟ್ಟಿ ಚಕ್ರದಡಿ ಹಪ್ಪಳವಾಗಿತ್ತು. ಅವಳು ಅದನ್ನು ಎದೆಗವಚಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪೈಲಟ್ ಒಳ್ಳೆಯವನು. "ಹೊಸ ಜಾಗ, ಬ್ರೇಕ್ ಹಿಡಿಯೋದು ತಡವಾಯ್ತೇನೋ" ಎಂದು ತಪ್ಪನ್ನು ತಾನೇ ಹೊತ್ತುಕೊಂಡ. ಊರು ಒಪ್ಪಿತು. ಎಲ್ಲರಿಗಿಂತ ಜೋರಾಗಿ ಒಪ್ಪಿದವನು ನಾನು. ಹೊಸಬರಿಗೆ ನಮ್ಮ ಮೈದಾನದ ಅಂದಾಜು ಸಿಗುವುದಿಲ್ಲ ಎಂದು ಭಾಷಣ ಬಿಗಿದೆ. ದಮಯಂತಿ ಅವರೆ ಬಳ್ಳಿ ಸುತ್ತಿಕೊಂಡ ಚಕ್ರವನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಬಣ್ಣ ಇರಲಿಲ್ಲ.

ಮರುದಿನ ಬೆಳಿಗ್ಗೆ ಜಬ್ಬಾರ್ ಸಾಹೇಬರು ಚಹಾ ಕುಡಿಯುತ್ತಾ ನಗುತ್ತಾ ಹೇಳಿದರು. "ಬ್ರೇಕು ನೋಡ್ದೆ ಕಣಯ್ಯ, ಚೆನ್ನಾಗಿದೆ. ನೆಲದ ಮೇಲೆ ಗುರುತೂ ನೋಡ್ದೆ, ಮೊದಲಿಂದಾನೇ ಹಿಡಿದಿದ್ದಾನೆ. ಆ ವಿಮಾನ ಐನೂರಕ್ಕೆ ಸರಿಯಾಗೇ ನಿಂತಿರೋ ಹಂಗಿದೆ. ನಿನ್ನ ಮೈದಾನಾನೇ ಅವನಿಗೆ ಮೋಸ ಮಾಡ್ತು ಅನ್ಬೇಕು!" ತಮಾಷೆಗೆ ಅಂದದ್ದು. ಅವರು ಹೋದ ಮೇಲೆ ನನ್ನ ಚಹಾ ಆರಿ ತಣ್ಣಗಾಯಿತು.

ಆರು ವರ್ಷದ ಕೆಳಗೆ ನಾನು ಅಟ್ಟದಿಂದ ಬಿದ್ದು ಎಡ ಮೊಣಕಾಲು ತಿರುಚಿಕೊಂಡಿದ್ದೆ. ಜ್ವರ ಎಂದು ಹೇಳಿ ಮೂರು ದಿನ ಮನೆಯಲ್ಲೇ ಹರಳೆಣ್ಣೆ ಪಟ್ಟಿ ಕಟ್ಟಿಕೊಂಡಿದ್ದು, ನಾಲ್ಕನೆಯ ದಿನ ಎದ್ದು ನಡೆದೆ. ನೋವಿದೆ ಎಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಬೇರೆಯವನನ್ನು ಹುಡುಕುತ್ತಾರೆ. ಆರು ವರ್ಷದ ಕೆಳಗೇ ಮೈದಾನ ಬೆಳೆಯಲು ಶುರುವಾದದ್ದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನಾನು ಯಾವತ್ತೂ ನೋಡಿರಲಿಲ್ಲ. ನೋಡಲು ಇಷ್ಟವಿರಲಿಲ್ಲ ಅನ್ನುವುದೇ ಸರಿ.

ಮಧ್ಯಾಹ್ನ ಊರೆಲ್ಲ ಊಟಕ್ಕೆ ಕೂತ ಹೊತ್ತಿನಲ್ಲಿ ಸಭೆಯ ಅಂಗಳಕ್ಕೆ ಹೋದೆ. ಚಪ್ಪಡಿ ಕಾದಿತ್ತು. ಚಪ್ಪಲಿ ಬಿಟ್ಟು, ಮುಂದೆ ನೋಡುತ್ತಾ ಹನ್ನೆರಡು ಹೆಜ್ಜೆ ಹಾಕಿದೆ. ಆಮೇಲೆ ಕೆಳಗೆ ನೋಡಿದೆ. ನನ್ನ ಹೆಬ್ಬೆರಳು ಹನ್ನೊಂದನೆಯ ಗೆರೆಯ ಮೇಲೆ ಕೂತಿತ್ತು. ಮತ್ತೆ ನಡೆದೆ. ಹನ್ನೊಂದು. ಎದೆಯುಬ್ಬಿಸಿ ನಡೆದೆ, ಸಿಟ್ಟಿನಿಂದ ನಡೆದೆ. ಹನ್ನೊಂದೇ. ಪ್ರತಿ ಹೆಜ್ಜೆಗೆ ಮೂರು ಬೆರಳು ಕಡಿಮೆ. ಹನ್ನೆರಡು ಹೆಜ್ಜೆ ಎಂದು ನಾನು ಎಣಿಸಿದರೆ ನೆಲ ಇರುವುದು ಹನ್ನೊಂದು. ಐನೂರ ಇಪ್ಪತ್ತೆಂಟು ಅಂದ ದಿನ ಅಲ್ಲಿದ್ದದ್ದು ನಾನೂರ ಎಂಬತ್ತನಾಲ್ಕು. ಮೈದಾನ ಒಂದು ಗೇಣೂ ಬೆಳೆದಿರಲಿಲ್ಲ. ನಾನು ಕುಗ್ಗಿದ್ದೆ.

ಮನೆಗೆ ಬಂದು ಹೆಂಡತಿ ಸಾಕಮ್ಮನಿಗೆ ಹೇಳಿದೆ. ಅವಳು ಒರಳಿನಿಂದ ಕೈ ತೆಗೆಯದೆ ಕೇಳಿದಳು. ನಾಳೆ ಸಭೆಯಿದೆ, ಬಿಳಿಯದಕ್ಕೆ ಕೈ ಎತ್ತುತ್ತಾರೆ, ಹೇಳಿದರೆ ಮೂವತ್ತನಾಲ್ಕು ವರ್ಷದ ಹೆಸರು ಮಣ್ಣುಪಾಲು, ಎಂದೆ. "ಹೇಳ್ದೆ ಇದ್ರೆ?" ಅಂದಳು. ಹೇಳದಿದ್ದರೆ ಹತ್ತೊಂಬತ್ತು ಜನರನ್ನು ಕೂರಿಸಿಕೊಂಡು ದಮಯಂತಿ ನನ್ನ ಅಂಕಿ ನಂಬಿ ಇಳಿಸುತ್ತಾಳೆ. ಅವರೆ ಹೊಲದ ಆಚೆ ಏನಿದೆ ಎಂದು ನಮ್ಮಿಬ್ಬರಿಗೂ ಗೊತ್ತು, ಬಂಡೆ. ಸಾಕಮ್ಮ ಸ್ವಲ್ಪ ಹೊತ್ತು ರುಬ್ಬಿದಳು. "ನಿಮ್ಮ ಹೆಸರು ದೊಡ್ಡದೇ, ನಾನು ಇಲ್ಲ ಅನ್ನಲ್ಲ. ಆದ್ರೆ ಅದಕ್ಕೆ ರೆಕ್ಕೆ ಇಲ್ಲ, ಬಿದ್ರೆ ಯಾರೂ ಸಾಯಲ್ಲ" ಅಂದಳು. ನಲವತ್ತು ವರ್ಷದಲ್ಲಿ ಅವಳು ನನ್ನನ್ನು ಸಮಾಧಾನ ಮಾಡಿದ ರೀತಿ ಯಾವತ್ತೂ ಹೀಗೇ.

ಸಭೆ ತುಂಬಿತ್ತು. ಜಬ್ಬಾರ್ ಸಾಹೇಬರು ಎದ್ದು, ತಮ್ಮ ಹೆಂಡತಿ ಅನುಭವಿಸಿದ್ದು ಇನ್ಯಾರಿಗೂ ಬೇಡ, ಬಿಳಿಯದೇ ಬರಲಿ ಅಂದರು. ಜನ ತಲೆದೂಗಿದರು. ದಮಯಂತಿ ಎದ್ದಳು. ಮತ್ತೆ ಅದೇ ಸೀಟು, ಅದೇ ಕಾಲು. ಹಿಂದಿನಿಂದ ಯಾರೋ "ಹೆದ್ರಿಕೆ ಆದ್ರೆ ಬೇರೆ ಪೈಲಟ್‌ನ ತರ್ಸಾಣ ಬಿಡಮ್ಮ" ಅಂದರು. ಅವಳು ತುಟಿ ಕಚ್ಚಿಕೊಂಡು ಕೂತಳು. ಅಧ್ಯಕ್ಷರು "ಹಾಗಾದರೆ ಬಿಳಿಯದಕ್ಕೆ ಕೈ ಎತ್ತಿ" ಅನ್ನುವಷ್ಟರಲ್ಲಿ ನಾನು ನಿಂತೆ.

"ಎಲ್ರೂ ಒಂದು ಗಳಿಗೆ ಹೊರಗೆ ಬನ್ನಿ" ಅಂದೆ. ಬಂದರು. ಹೆಜ್ಜೆಗಲ್ಲಿನ ಎರಡೂ ಬದಿಗೆ ನಿಂತರು. ಕಾರಣ ಯಾರಿಗೂ ಹೊಳೆಯಲಿಲ್ಲ. ನಾನು ಚಪ್ಪಲಿ ಬಿಟ್ಟು, ಜೋರಾಗಿ ಎಣಿಸುತ್ತಾ ಹನ್ನೆರಡು ಹೆಜ್ಜೆ ಹಾಕಿ ನಿಂತೆ. ನನ್ನ ಮುಂದೆ ಒಂದು ಗೆರೆ ಖಾಲಿ ಉಳಿದಿತ್ತು. ಎಲ್ಲರ ಕಣ್ಣೂ ಅದರ ಮೇಲೆ. "ಆರು ವರ್ಷದಿಂದ ಹೀಗೆ" ಎಂದೆ. "ಮೈದಾನ ಬೆಳೆದಿಲ್ಲ. ನನ್ನ ಕಾಲು ಕಮ್ಮಿಯಾಗಿದೆ. ನಾನು ಮೊಣಕಾಲಿನ ವಿಷಯ ಮುಚ್ಚಿಟ್ಟೆ. ಬಿಳಿಯದನ್ನ ತರಬೇಡಿ." ಚಪ್ಪಲಿ ಮೆಟ್ಟಿಕೊಂಡು ಪಕ್ಕಕ್ಕೆ ಸರಿದೆ.

ಊರು ದೇವರಂತೆ ಕ್ಷಮಿಸಿತು ಎಂದು ಹೇಳಿದರೆ ಸುಳ್ಳಾಗುತ್ತದೆ. "ಆರು ವರ್ಷ! ನಿನ್ನ ಅಂಕಿ ನಂಬಿ ನನ್ನ ಮೆಹಬೂಬಿನೂ ವಿಮಾನದಲ್ಲಿ ಕೂತಿದ್ಲಲ್ಲೋ!" ಎಂದು ಜಬ್ಬಾರ್ ಸಾಹೇಬರು ನನ್ನ ಕಡೆ ಬೆನ್ನು ಮಾಡಿ ಹೊರಟೇ ಹೋದರು. ಪುಟ್ಟನಂಜಮ್ಮ "ಬುಟ್ಟಿ ಹೋಯ್ತು ಅಂತ ಅತ್ತೆ, ನಾನೇ ಹೋಗ್ತಿದ್ನಲ್ಲಪ್ಪ" ಅಂದಳು. ಅಧ್ಯಕ್ಷರು ನನ್ನ ಪುಸ್ತಕವನ್ನು ಒಳಗಿಟ್ಟರು. ಹಳದಿಯದಕ್ಕೆ ಕೈಗಳು ಎದ್ದವು, ಹುರುಪಿಲ್ಲದೆ. ದಮಯಂತಿ ಮಾತ್ರ ಕೈಯೆತ್ತದೆ ನಿಂತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನ ಮರ್ಯಾದೆ ಹೋಯಿತೆಂದು ಅಳುತ್ತಿದ್ದಾಳೆ ಅಂದುಕೊಂಡೆ.

ಹೊಸ ನಡೆಯುವವನನ್ನು ಆರಿಸಲು ಮುಂದಿನ ವಾರವೆಲ್ಲ ಹೆಜ್ಜೆಗಲ್ಲಿನ ಮೇಲೆ ಜಾತ್ರೆ. ಅಂಚೆಯ ಕೆಂಪಣ್ಣ ನಡೆದ, ಟೈಲರ್ ನಡೆದ, ಮೇಷ್ಟ್ರು ಪಂಚೆ ಎತ್ತಿಕಟ್ಟಿ ನಡೆದರು. ಒಟ್ಟು ಹನ್ನೊಂದು ಮಂದಿ. ಮೊದಲ ಐದಾರು ಸಲ ಎಲ್ಲರ ಬೆರಳೂ ಗೆರೆಯ ಮೇಲೆ. ಆಮೇಲೆ ಒಮ್ಮೆ ಹಿಂದೆ, ಒಮ್ಮೆ ಮುಂದೆ, ಒಮ್ಮೆ ಪಕ್ಕಕ್ಕೆ. ಕೊನೆಯ ದಿನ ಸಂಜೆ ಹೊತ್ತಿಗೆ ಜಬ್ಬಾರ್ ಸಾಹೇಬರು ಎಲ್ಲಿಂದಲೋ ಬಂದು ನನ್ನ ಭುಜ ಹಿಡಿದು ಕಲ್ಲಿನ ಮೇಲೆ ನಿಲ್ಲಿಸಿದರು. ಎಂಟು ದಿನದಿಂದ ಮಾತಾಡಿಸಿರಲಿಲ್ಲ. "ನಡಿ" ಅಂದರು. ನಡೆದೆ. "ಇನ್ನೊಂದ್ಸಲ." ನೂರು ಸಲ ನಡೆಸಿದರು. ಮಂಡಿ ಉರಿಯುತ್ತಿತ್ತು. ನೂರು ಸಲವೂ ಹನ್ನೊಂದನೆಯ ಗೆರೆಯೇ, ಕೂದಲೆಳೆ ಆಚೀಚೆ ಇಲ್ಲ. ಅವರು ಜನರ ಕಡೆ ತಿರುಗಿದರು. "ಜಾಸ್ತಿ ತೋರ್ಸೋ ಮೀಟರು ಕೆಟ್ಟದ್ದಲ್ಲ, ದಿನಕ್ಕೊಂಥರ ತೋರ್ಸೋದು ಕೆಟ್ಟದ್ದು. ಹನ್ನೆರಡಕ್ಕೆ ಒಂದು ಕಳೆದ್ರಾಯ್ತು. ಇವನೇ ಇರ್ಲಿ. ಆದ್ರೆ ಪ್ರತಿ ಅಮಾವಾಸ್ಯೆ ಈ ಕಲ್ಲಿನ ಮೇಲೆ ನಡೀಬೇಕು." ಅಧ್ಯಕ್ಷರು ಒಪ್ಪಿದರು. ಹಾಗೆ ನಮ್ಮೂರಿಗೊಂದು ಹೊಸ ಪದ್ಧತಿ ಬಂತು. ಅದು ಅವಮಾನ ಎಂದು ನನಗೆ ಈಗ ಅನ್ನಿಸುವುದಿಲ್ಲ. ಸ್ವಲ್ಪ ಅನ್ನಿಸುತ್ತದೆ, ಆದರೆ ತಡೆದುಕೊಳ್ಳಬಹುದು.

ಜಬ್ಬಾರ್ ಸಾಹೇಬರು ಕೆಳಗಿನ ಊರಿಗೆ ಇಳಿದು ಹೋಗಿ ಹಳದಿಯದರ ಹಿಂದಿನ ಮೂರು ಸೀಟು ಬಿಚ್ಚಿ ಹಲಗೆ ಕೂರಿಸಿದರು. ರೋಗಿ ಮಲಗಬಹುದು, ಕಾಲು ಮಾತ್ರ ಮಡಚಿಕೊಳ್ಳಬೇಕು. "ಮೆಹಬೂಬಿನ ಅಳತೆ ಹಿಡ್ಕೊಂಡೇ ಮಾಡಿದ್ದು. ಉದ್ದ ಇರೋರು ಕಾಯಿಲೆ ಬೀಳಬಾರದು ಅಷ್ಟೆ" ಎಂದು ಹೇಳಿ ಕಳಿಸಿದರು. ಬಿಳಿಯದರಲ್ಲಿ ಸಿಗುತ್ತಿದ್ದ ಸುಖ ಇದರಲ್ಲಿಲ್ಲ. ಅದು ಎಲ್ಲರಿಗೂ ಗೊತ್ತು, ನನಗೆ ಎಲ್ಲರಿಗಿಂತ ಹೆಚ್ಚು ಗೊತ್ತು.

ಹಳದಿಯದು ಮೊದಲ ಸಲ ಬರಬೇಕಾದ ದಿನ ಮೈದಾನ ಚೆನ್ನಾಗಿ ಕುಗ್ಗಿತ್ತು. ನಡೆಯುವಾಗಲೇ ಗೊತ್ತಾಯಿತು. ಎಣಿಸಿ ಮುಗಿಸಿ ಹಲಗೆಯ ಹತ್ತಿರ ಬಂದು ಮೊದಲ ಬಾರಿಗೆ ಎರಡು ಅಂಕಿ ಬರೆದೆ, ಮೇಲೊಂದು, ಕೆಳಗೊಂದು. ಆಮೇಲೆ ಒಳಗೆ ಹೋಗಿ ವೈರ್‌ಲೆಸ್ಸಿನ ಗುಂಡಿ ಒತ್ತಿದೆ. ಅಧ್ಯಕ್ಷರೂ ಪುಟ್ಟನಂಜಮ್ಮನೂ ಬಾಗಿಲಲ್ಲಿ ನಿಂತಿದ್ದರು.

"ಎಷ್ಟು ಮಾವ?" ಅಂದಳು ದಮಯಂತಿ.

"ನಂದು ನಾನೂರ ಮೂವತ್ತೆರಡು. ಹನ್ನೆರಡಕ್ಕೆ ಒಂದು ಕಳೆದ್ರೆ ಮುನ್ನೂರ ತೊಂಬತ್ತಾರು. ಮುನ್ನೂರ ತೊಂಬತ್ತಾರನ್ನೇ ಇಟ್ಕೋ ಮಗ."

ಎಂದಿನಂತೆ ಅವಳು ಒಂದು ಗಳಿಗೆ ಸುಮ್ಮನಿರುತ್ತಾಳೆಂದು ಕಾದೆ. ಈ ಸಲ ಆ ಮೌನ ಬರಲಿಲ್ಲ. ಉತ್ತರ ಕೂಡಲೇ ಬಂತು.

"ಸರಿ ಮಾವ. ಹಂಗಾದ್ರೆ ಇವತ್ತಿಂದ ನಾನು ಕಳೆಯೋ ಹಂಗಿಲ್ಲ. ಹೊರಟೆ."

ನಾನು ತಿರುಗಿ ಗುಂಡಿ ಒತ್ತುವುದನ್ನೇ ಮರೆತು ಕೂತೆ. ಆರು ವರ್ಷ ದಿನಾ ಬೆಳಿಗ್ಗೆ ಆ ಒಂದು ಗಳಿಗೆಯಲ್ಲಿ ಅವಳು ಬರೆದುಕೊಳ್ಳುತ್ತಿರಲಿಲ್ಲ. ಹನ್ನೆರಡಕ್ಕೆ ಒಂದರಂತೆ ನನ್ನ ಅಂಕಿಯಿಂದ ಕಳೆಯುತ್ತಿದ್ದಳು. ಮುದುಕಿ ನಿಂತ ಮೇಲೆ ಮುಂದೆ ಉಳಿಯುತ್ತಿದ್ದ ನೆಲ ನೋಡಿಯೇ ಅವಳಿಗೆ ಲೆಕ್ಕ ಸಿಕ್ಕಿರಬೇಕು. ಕಳೆದ ಮೇಲೆ ನಾನೂರಕ್ಕೆ ಕಮ್ಮಿ ಬಂದ ದಿನ ಇಂಜಿನ್ನಿಗೆ ಕೆಮ್ಮು ಬರುತ್ತಿತ್ತು. ಕಾಲು ಎಟುಕದೆ ಇದ್ದದ್ದು, ಬಣ್ಣ ಕೊಳೆಯಾಗುವುದು, ಊರೆಲ್ಲ ಹೆದರುಪುಕ್ಕಲಿ ಅಂದಾಗ ತುಟಿ ಕಚ್ಚಿಕೊಂಡದ್ದು, ಎಲ್ಲ ನನ್ನ ಹೆಸರನ್ನು ಉಳಿಸಲಿಕ್ಕೆ. ನಾನು ಅವಳನ್ನು ಸೋಮಾರಿ ಅಂದಿದ್ದೆ. ಅಧ್ಯಕ್ಷರು "ಏನಂದ್ಲು ಮುದ್ದಯ್ಯ?" ಎಂದು ಕೇಳಿದರು. "ಹೊರಟಳಂತೆ" ಎಂದೆ. ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಡಲು ಹೋಗಲಿಲ್ಲ. ಮುಚ್ಚಿಡುವ ಕೆಲಸ ಸಾಕಾಗಿತ್ತು.

ನಲವತ್ತು ನಿಮಿಷದ ಮೇಲೆ ಕಿವಿ ಕಿತ್ತುಹೋಗುವ ಸದ್ದು ಮಾಡುತ್ತಾ ಹಳದಿ ವಿಮಾನ ಗುಡ್ಡ ದಾಟಿ ಬಂತು, ಅಂಚಿನಲ್ಲಿ ಚಕ್ರ ತಾಗಿಸಿತು, ಓಡಿ ನಿಂತಿತು. ನಾನು ಅದರ ಮುಂದಿನ ಚಕ್ರದಿಂದ ಅವರೆ ಹೊಲದ ಬೇಲಿಯವರೆಗೆ ನಡೆದು ನೋಡಿದೆ. ಹದಿನೇಳೂವರೆ ಹೆಜ್ಜೆ ಉಳಿದಿತ್ತು. ಕಳೆದರೆ ಹದಿನಾರು.